ಶಾಲು ಸಾಕು, ಮುಯ್ಯಿಗೆ ಬನ್ನಿ

ಊರೂರಿನ ಯುವಕ ಮಂಡಳ, ಮಹಿಳಾ ಮಂಡಳ, ಗಣೇಶೋತ್ಸವ ಸಮಿತಿ, ಸ್ವಸಹಾಯ ಸಂಘ, ಗೆಳೆಯರ ಬಳಗಗಳ ಸದಸ್ಯರೆಲ್ಲರಿಗೂ,



ನಮ್ಮ ಪಡಸಾಲೆಯಲ್ಲಿ ಒಂದು ಕರಿ ಟ್ರಂಕು ಇದೆ. ಮುಚ್ಚಳದ ಮೇಲೆ ಬಿಳಿ ಬಣ್ಣದಲ್ಲಿ ನಮ್ಮ ಯಜಮಾನರ ನಂಬರು, ಹುದ್ದೆ, ಹೆಸರು. ಇಪ್ಪತ್ತನಾಲ್ಕು ವರ್ಷ ಅವರ ಜೊತೆ ರೈಲು ಹತ್ತಿ ಇಳಿದ ಟ್ರಂಕು. ಈಗ ಅದರೊಳಗೆ ಶಾಲುಗಳಿವೆ. ಮೊನ್ನೆ ಬಿಸಿಲಿಗೆ ಹಾಕುವಾಗ ಎಣಿಸಿದೆ, ಹನ್ನೊಂದಾದವು. ಆಗಸ್ಟ್ 15ಕ್ಕೆ, ಜನವರಿ 26ಕ್ಕೆ, ಜುಲೈ 26ರ ಕಾರ್ಗಿಲ್ ವಿಜಯ ದಿವಸಕ್ಕೆ ನಿಮ್ಮಂಥ ಮಂಡಳಗಳವರು ಕರೆದು ಹೊದಿಸಿದವು. ಪ್ರೀತಿಯಿಂದಲೇ ಹೊದಿಸಿದ್ದೀರಿ, ಅದರಲ್ಲಿ ನನಗೆ ಎಳ್ಳಷ್ಟೂ ಸಂಶಯವಿಲ್ಲ. ಆ ಪ್ರೀತಿಯನ್ನು ನಂಬಿಯೇ ಈ ಪತ್ರ ಬರೆಯುತ್ತಿದ್ದೇನೆ.

ಯಜಮಾನರು 1984ರಲ್ಲಿ ಬೆಳಗಾವಿಯ ಮರಾಠಾ ಲಘು ಪದಾತಿ ದಳದ ಸೆಂಟರಿನಲ್ಲಿ ಭರ್ತಿಯಾದರು. 2008ರಲ್ಲಿ ಹವಾಲ್ದಾರರಾಗಿ ನಿವೃತ್ತರಾದರು. ನಾನು ಕನ್ನಡ ಶಾಲೆಯಲ್ಲಿ ಶಿಕ್ಷಕಿಯಾಗಿದ್ದೆ. ಓದು ಬರಹ ಬಲ್ಲವಳೆಂದು ಓಣಿಯ ನಾಲ್ಕಾರು ಫೌಜಿ ಮನೆಗಳ ಪತ್ರವೆಲ್ಲ ನನ್ನ ಕೈಯಿಂದಲೇ ಹೋಗುತ್ತಿತ್ತು. ವಿಳಾಸದಲ್ಲಿ ಊರಿಲ್ಲ, ಜಿಲ್ಲೆಯಿಲ್ಲ. ನಂಬರು, ಹೆಸರು, ಪಲ್ಟನ್ನು, ಕೊನೆಗೆ ‘ಕೇರಾಫ್ 56 ಎಪಿಒ’. ಗಂಡ ಯಾವ ಬೆಟ್ಟದ ಮೇಲಿದ್ದಾನೋ ಬರೆಸುವವಳಿಗೂ ಗೊತ್ತಿಲ್ಲ, ಬರೆಯುವವಳಿಗೂ ಗೊತ್ತಿಲ್ಲ.

ಆ ಪತ್ರಗಳಲ್ಲಿ ಗುಂಡು ಮದ್ದಿನ ಮಾತು ಇರುತ್ತಲೇ ಇರಲಿಲ್ಲ. ಎತ್ತು ಕುಂಟುತ್ತಿದೆ, ಮಾವನಿಗೆ ಉಬ್ಬಸ ಹೆಚ್ಚಾಗಿದೆ, ಬ್ಯಾಂಕಿನವರು ಸಹಿ ಹೊಂದುವುದಿಲ್ಲ ಅಂದರು, ಮಗಳ ಶಾಲೆಯಲ್ಲಿ ತಂದೆಯನ್ನು ಕರೆತಾ ಅಂದಿದ್ದಾರೆ. ಎಲ್ಲ ಹೇಳಿ ಮುಗಿಸಿದ ಮೇಲೆ ಹೆಣ್ಣುಮಗಳು ಸ್ವಲ್ಪ ಹೊತ್ತು ಸುಮ್ಮನೆ ಕೂತು, “ಇದನ್ನೆಲ್ಲಾ ಬರೀಬ್ಯಾಡ್ರಿ ಅಕ್ಕೋರ. ಅಲ್ಲಿ ಕುಂತು ಅಂವ ಏನ್ ಮಾಡ್ತಾನ? ಎಲ್ಲಾ ಚೊಲೊ ಅದ ಅಂತ ಬರೀರಿ” ಅನ್ನುತ್ತಿದ್ದಳು. ನಾನು ಹಾಗೇ ಬರೆಯುತ್ತಿದ್ದೆ. ನನ್ನ ಪತ್ರದಲ್ಲೂ ಹಾಗೇ ಬರೆದುಕೊಳ್ಳುತ್ತಿದ್ದೆ.

ನಮ್ಮ ಮನೆಯದೇ ಒಂದು ಮಾತು ಹೇಳುತ್ತೇನೆ. ಗಂಡಸು ಮನೆಯಲ್ಲಿಲ್ಲದ್ದು ನೋಡಿ ಪಕ್ಕದ ಹೊಲದವರು ಬದುವನ್ನು ಒಂದು ಸಾಲು ನಮ್ಮ ಕಡೆ ಒತ್ತಿದರು. ಮರುವರ್ಷ ಇನ್ನೊಂದು ಸಾಲು. ಮೋಜಣಿಗೆ ಅರ್ಜಿ ಕೊಟ್ಟೆ. ತಿಂಗಳುಗಟ್ಟಲೆ ಕಾದ ಮೇಲೆ ಸರ್ವೇಯರ್ ಬಂದರು. ಆ ದಿನ ಶಾಲೆಯಲ್ಲಿ ಪರೀಕ್ಷೆ, ಮಾವ ಹಾಸಿಗೆ ಹಿಡಿದಿದ್ದರು, ಅತ್ತೆಗೆ ಕಣ್ಣು ಮಂದ. ಸರಪಳಿ ಹಿಡಿಯಲು ನಮ್ಮ ಕಡೆಯಿಂದ ಯಾರೂ ಇಲ್ಲವೆಂದು ಅವರು ಹೊಲದಿಂದಲೇ ವಾಪಸು ಹೋದರು. ಅವತ್ತು ನಮಗೆ ವಕೀಲರು ಬೇಕಿರಲಿಲ್ಲ. ಸರಪಳಿಯ ಒಂದು ತುದಿ ಹಿಡಿದು ಬಿಸಿಲಲ್ಲಿ ಎರಡು ತಾಸು ನಿಲ್ಲುವ ಒಬ್ಬ ಹುಡುಗ ಸಾಕಿತ್ತು. ನಮ್ಮೂರ ಯುವಕ ಮಂಡಳದಲ್ಲಿ ಆಗ ನಲವತ್ತು ಹುಡುಗರಿದ್ದರು. ಅವರನ್ನು ದೂರುವುದಿಲ್ಲ. ಕರೆದಿದ್ದರೆ ಬರುತ್ತಿದ್ದರು. ನಾನು ಕರೆಯಲಿಲ್ಲ.

ಯಾಕೆ ಕರೆಯಲಿಲ್ಲ ಅನ್ನುವುದರಲ್ಲೇ ಈ ಪತ್ರದ ಸಂಗತಿ ಇದೆ. ನಮ್ಮ ಕಡೆ ಮುಯ್ಯಾಳಿನ ಪದ್ಧತಿ ಇದೆಯಲ್ಲ? ಇವತ್ತು ನಾನು ನಿಮ್ಮ ಹೊಲದ ಕಳೆ ತೆಗೆದರೆ ನಾಳೆ ನೀವು ನಮ್ಮ ಹೊಲಕ್ಕೆ ಬರುತ್ತೀರಿ. ಕೂಲಿಯಿಲ್ಲ, ಖಾತೆ ಪುಸ್ತಕವಿಲ್ಲ, ಆದರೂ ಲೆಕ್ಕ ತಪ್ಪುವುದಿಲ್ಲ. ಈ ಲೆಕ್ಕದಿಂದ ಫೌಜಿ ಮನೆ ತಾನಾಗಿಯೇ ಹೊರಗೆ ಬೀಳುತ್ತದೆ. ಮುಯ್ಯಿ ತಿರುಗಿಸಲು ಅಲ್ಲಿ ಆಳಿಲ್ಲ. ತಿರುಗಿ ಕೊಡಲಾರದವಳು ಕೇಳಲೂ ನಾಚುತ್ತಾಳೆ. ನಾನು ನಾಚಿದೆ.

ನನ್ನ ಬೇಡಿಕೆ ಇಷ್ಟೇ: ಈ ಲೆಕ್ಕವನ್ನು ತಿದ್ದಿ. ಆ ಮನೆಯ ಆಳು ಊರಿನೆಲ್ಲರ ಪಾಲಿನ ಕೆಲಸಕ್ಕೆ ಆಗಲೇ ಹೋಗಿದ್ದಾನೆ. ಮುಯ್ಯಿ ಬಾಕಿ ಇರುವುದು ಊರಿನ ಕಡೆಯಿಂದ. ಹಾಗೆ ತಿಳಿದರೆ ನೀವು ಹೊಸ್ತಿಲಿಗೆ ಬರುವ ರೀತಿಯೇ ಬೇರೆಯಾಗುತ್ತದೆ, ಆಕೆ ಬಾಗಿಲು ತೆರೆಯುವ ರೀತಿಯೂ.

ಇದು ಈ ನೆಲಕ್ಕೆ ಹೊಸ ಮಾತಲ್ಲ. ಗುಡಿಯ ಮಗ್ಗುಲಲ್ಲಿ, ಕೆರೆಯ ಏರಿಯ ಮೇಲೆ ವೀರಗಲ್ಲುಗಳನ್ನು ನೋಡಿಯೇ ಬೆಳೆದವರು ನಾವು. ಅವನ್ನು ನಿಲ್ಲಿಸಿದ ಹಿರಿಯರು ಕಲ್ಲು ನೆಟ್ಟು ಕೈ ತೊಳೆದುಕೊಂಡವರಲ್ಲ. ಕಾದಿ ಸತ್ತವನ ಮನೆಯವರಿಗೆ ಭೂಮಿ ಬಿಟ್ಟದ್ದುಂಟು. ಶಾಸನಗಳಲ್ಲಿ ಅದಕ್ಕೆ ನೆತ್ತರುಗೊಡಗೆ ಎಂದು ಹೆಸರು. ಕಲ್ಲು ಸತ್ತವನಿಗೆ, ಹೊಲ ಬದುಕಿ ಉಳಿದವರಿಗೆ.

“ಅವರಿಗೇನ್ರೀ, ಪಗಾರ ಬರ್ತದ, ಪಿಂಚಣಿ ಬರ್ತದ” ಎನ್ನುವವರು ನಿಮ್ಮಲ್ಲೂ ಇರಬಹುದು. ಹೌದು, ಬರುತ್ತದೆ, ಸರ್ಕಾರಕ್ಕೆ ನಾವು ಋಣಿ. ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆ ಇದೆ, ಯೋಜನೆಗಳಿವೆ. ಆದರೆ ಇಲಾಖೆಯ ಕಚೇರಿ ಎಲ್ಲ ಜಿಲ್ಲೆಗಳಲ್ಲಿಲ್ಲ, ಎಷ್ಟೋ ಕಡೆ ಪಕ್ಕದ ಜಿಲ್ಲೆಗೆ ಹೋಗಬೇಕು. ಕಚೇರಿಗೂ ಹೊಸ್ತಿಲಿಗೂ ನಡುವೆ ಎರಡು ಬಸ್ಸು, ಒಂದು ಝೆರಾಕ್ಸ್ ಅಂಗಡಿ ಮತ್ತು ಇಂಗ್ಲಿಷಿನ ಒಂದು ಫಾರಮ್ಮು ಇವೆ. ನಿಮ್ಮ ಕೆಲಸ ಇರುವುದು ಆ ನಡುವಿನ ದಾರಿಯಲ್ಲಿ.

ಮೊದಲನೆಯದು ಕಾಗದಪತ್ರ. ನಮ್ಮೂರ ಅಜ್ಜಿಯೊಬ್ಬಳಿಗೆ ಗಂಡ ತೀರಿಕೊಂಡ ಮೇಲೆ ಕುಟುಂಬ ಪಿಂಚಣಿ ಶುರುವಾಗಲೇ ಇಲ್ಲ. ಕಾರಣ ಹೆಸರು. ಗಂಡನ ಡಿಸ್ಚಾರ್ಜ್ ಬುಕ್ಕಿನಲ್ಲಿ ಕನ್ನಡ ತಿಳಿಯದ ಯಾರೋ ಕ್ಲರ್ಕ್ ಕಿವಿಗೆ ಬಿದ್ದಂತೆ ‘ಬಸ್ವಾ ಬಾಯಿ’ ಎಂದು ಬರೆದಿದ್ದ. ಆಧಾರ್ ಕಾರ್ಡಿನಲ್ಲಿ ‘ಬಸಮ್ಮ’. ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ‘ಬಸವ್ವ’. “ನಾ ಒಬ್ಬಾಕಿ ಮೂರು ಮಂದಿ ಯಾವಾಗ ಆದ್ನ್ಯೋ ಯಪ್ಪಾ?” ಎಂದು ಆಕೆ ಕೇಳುವಾಗ ನಗಬೇಕೋ ಅಳಬೇಕೋ ತಿಳಿಯುತ್ತಿರಲಿಲ್ಲ. ಕೊನೆಗೆ ಕಂಪ್ಯೂಟರ್ ಸೆಂಟರಿನ ಹುಡುಗನೊಬ್ಬ ಆಕೆಯ ಜೊತೆ ನಿಂತ. ನೋಟರಿ ಮುಂದೆ ಅಫಿಡವಿಟ್ ಮಾಡಿಸಿದ, ಸೈನಿಕ ಕಲ್ಯಾಣ ಕಚೇರಿಗೆ ಎರಡು ಸಲ ಕರೆದೊಯ್ದ, ಅಲ್ಲಿಂದ ರೆಕಾರ್ಡ್ ಆಫೀಸಿಗೆ ಪತ್ರ ಹಾಕಿಸಿದ. ತಡವಾದರೂ ಪಿಂಚಣಿ ಬಂತು. ಆ ಹುಡುಗನಿಗೆ ಇಲ್ಲಿವರೆಗೆ ಯಾರೂ ಶಾಲು ಹೊದಿಸಿಲ್ಲ.

ಆದ್ದರಿಂದ ವರ್ಷಕ್ಕೆರಡು ಸಲ ಊರಲ್ಲಿ ಒಂದು ‘ಕಾಗದದ ದಿನ’ ಮಾಡಿ. ಡಿಸ್ಚಾರ್ಜ್ ಬುಕ್, ಪಿಂಚಣಿ ಆದೇಶ (ಪಿಪಿಒ), ಆಧಾರ್, ಪ್ಯಾನ್, ಪಾಸ್‌ಬುಕ್ ಒಂದರ ಪಕ್ಕ ಒಂದಿಟ್ಟು ಹೆಸರು, ಹುಟ್ಟಿದ ದಿನ ಹೊಂದುತ್ತವೆಯೇ ನೋಡಿ. ಮಗ ಇನ್ನೂ ಸರ್ವಿಸ್‌ನಲ್ಲಿದ್ದರೆ ಅವನ ಮದುವೆ, ಮಕ್ಕಳ ಜನನ ‘ಪಾರ್ಟ್ ಟು ಆರ್ಡರ್’ ಆಗಿ ದಾಖಲೆಗೆ ಏರಿದೆಯೇ ಕೇಳಿ. ರಜೆಗೆ ಬಂದಾಗ ಇದೊಂದು ಕೆಲಸ ಮುಗಿಸಿಕೊಂಡು ಹೋಗಪ್ಪಾ ಎಂದು ನೆನಪಿಸಿ. ಪಿಂಚಣಿದಾರರು ವರ್ಷಕ್ಕೊಮ್ಮೆ ಬದುಕಿದ್ದೇವೆಂದು ಜೀವನ ಪ್ರಮಾಣಪತ್ರ ಕೊಡಬೇಕು. ತಪ್ಪಿದರೆ ಪಿಂಚಣಿ ನಿಲ್ಲುತ್ತದೆ. ಈಗ ಅದನ್ನು ಮೊಬೈಲಿನಲ್ಲಿ ಮುಖ ತೋರಿಸಿಯೇ ಮಾಡಬಹುದು. ಸೇನೆಯ ಪಿಂಚಣಿ ವ್ಯವಹಾರವೆಲ್ಲ ‘ಸ್ಪರ್ಶ್’ ಎಂಬ ಆನ್‌ಲೈನ್ ವ್ಯವಸ್ಥೆಗೆ ಹೋಗಿದೆ. ನಿಮಗೆ ಹತ್ತು ನಿಮಿಷದ ಕೆಲಸ, ಎಂಬತ್ತರ ಅಜ್ಜನಿಗೆ ಒಂದು ದಿನದ ಪ್ರಯಾಣ. ಒಂದು ಎಚ್ಚರಿಕೆ: ಒಟಿಪಿ, ಪಾಸ್‌ವರ್ಡ್ ನೀವು ಇಟ್ಟುಕೊಳ್ಳಬೇಡಿ. ಮನೆಯವರೊಬ್ಬರ ಎದುರಿಗೇ ಮಾಡಿ, ಅಲ್ಲೇ ಮುಗಿಸಿ.

ಎರಡನೆಯದು ಆಸ್ಪತ್ರೆ. ಮಾಜಿ ಸೈನಿಕರಿಗೆ 2003ರಿಂದ ಇಸಿಎಚ್ಎಸ್ ಎಂಬ ಆರೋಗ್ಯ ಯೋಜನೆ ಇದೆ, ಒಳ್ಳೆಯ ಯೋಜನೆ. ಆದರೆ ಪಾಲಿಕ್ಲಿನಿಕ್ ಇರುವುದು ನಗರದಲ್ಲಿ. ಸಾಮಾನ್ಯವಾಗಿ ಮೊದಲು ಅಲ್ಲಿಗೆ ಹೋಗಿ, ಅಲ್ಲಿಂದ ಚೀಟಿ ಬರೆಸಿಕೊಂಡು, ಆಮೇಲೆ ದೊಡ್ಡ ಆಸ್ಪತ್ರೆಗೆ. ನಮ್ಮ ಅತ್ತೆಯನ್ನು ಹೀಗೆ ಕರೆದೊಯ್ದ ದಿನಗಳಲ್ಲಿ ಕಷ್ಟ ಹಣದ್ದಾಗಿರಲಿಲ್ಲ. ಒಂದು ಸಾಲಿನಲ್ಲಿ ನಾನು ನಿಂತರೆ ಕಣ್ಣು ಕಾಣದ ಅತ್ತೆಯ ಪಕ್ಕ ಕೂರುವವರು ಯಾರು? ನಿಮ್ಮ ಬಳಗದಲ್ಲಿ ಒಂದು ಗಾಡಿ, ಅದರ ಜೊತೆ ಸಾಲಿನಲ್ಲಿ ನಿಲ್ಲುವ ಒಬ್ಬರು ಸರದಿಯ ಮೇಲೆ ಸಿಕ್ಕರೆ ಎಷ್ಟೋ ಮನೆಗಳ ಅರ್ಧ ರೋಗ ವಾಸಿಯಾದಂತೆ. ಹೆಣ್ಣುಮಕ್ಕಳೇ ಇರುವ ಮನೆಗೆ ಮಹಿಳಾ ಮಂಡಳದವರು ಹೋಗಿ. ಊರ ಬಾಯಿ ನಿಮಗೂ ಗೊತ್ತು.

ಮೂರನೆಯದು ಮಕ್ಕಳು. ಮಾಜಿ ಸೈನಿಕರ ಮಕ್ಕಳು ವೃತ್ತಿಪರ ಪದವಿಗೆ ಸೇರಿದರೆ ಕೇಂದ್ರೀಯ ಸೈನಿಕ ಮಂಡಳಿಯ ಮೂಲಕ ಪ್ರಧಾನಮಂತ್ರಿ ವಿದ್ಯಾರ್ಥಿವೇತನ ಇದೆ: ಹುಡುಗಿಯರಿಗೆ ತಿಂಗಳಿಗೆ 3,000 ರೂಪಾಯಿ, ಹುಡುಗರಿಗೆ 2,500. ಮೊದಲ ವರ್ಷಕ್ಕೆ ಸೇರಿದಾಗಲೇ ಅರ್ಜಿ ಹಾಕಬೇಕು. ನನ್ನ ಶಾಲೆಯಲ್ಲಿ ಕಲಿತ ಇಬ್ಬರು ಹುಡುಗಿಯರು ಎರಡನೆಯ ವರ್ಷದಲ್ಲಿ ಈ ಸುದ್ದಿ ಕೇಳಿ ಕೈಚೆಲ್ಲಿದರು. ನಿಮ್ಮ ಮಂಡಳದ ಗೋಡೆಯ ಮೇಲೆ ಕ್ರಿಕೆಟ್ ಪಂದ್ಯಾವಳಿಯ ಪೋಸ್ಟರಿನ ಪಕ್ಕದಲ್ಲಿ ಈ ಒಂದು ಸಾಲಿಗೆ ಜಾಗ ಸಿಗದೇ?

ನಾಲ್ಕನೆಯದು ಹೊಲ ಮನೆಯ ತಂಟೆ. ಜವಾನನಿಗೆ ವರ್ಷಕ್ಕೆ ಅರವತ್ತು ದಿನ ವಾರ್ಷಿಕ ರಜೆ, ಮೂವತ್ತು ದಿನ ಸಾಂದರ್ಭಿಕ ರಜೆ. ಕೋರ್ಟಿನ ತಾರೀಕು ಅವನ ರಜೆ ನೋಡಿ ಬೀಳುವುದಿಲ್ಲ. ಯುದ್ಧದಂಥ ವಿಶೇಷ ಪರಿಸ್ಥಿತಿಯಲ್ಲಿ ಸೇವೆಯಲ್ಲಿರುವ ಸೈನಿಕನ ಗೈರುಹಾಜರಿಯಲ್ಲಿ ಅವನ ಮೊಕದ್ದಮೆ ಮುಗಿದುಹೋಗದಂತೆ ಕಾಯುವ ಕಾನೂನೊಂದು 1925ರಿಂದಲೇ ಇದೆ, ಇಂಡಿಯನ್ ಸೋಲ್ಜರ್ಸ್ (ಲಿಟಿಗೇಶನ್) ಆಕ್ಟ್ ಎಂದು. ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರ 2025ರ ಜುಲೈನಲ್ಲಿ ವೀರ ಪರಿವಾರ ಸಹಾಯತಾ ಯೋಜನೆಯನ್ನೂ ಶುರುಮಾಡಿದೆ. ನೀವು ವಕೀಲಿಕೆ ಮಾಡಬೇಕಿಲ್ಲ. ತಾಲ್ಲೂಕು ಕಾನೂನು ಸೇವಾ ಸಮಿತಿಯ ಬಾಗಿಲು ತೋರಿಸಿ. ಮೋಜಣಿಯ ದಿನ ಹೊಲಕ್ಕೆ ಬಂದು ನಿಲ್ಲಿ. ಬಿತ್ತನೆಯ ವಾರದಲ್ಲಿ ಒಂದು ಜೋಡಿ ಎತ್ತು, ಇಲ್ಲವೇ ಟ್ರ್ಯಾಕ್ಟರಿನ ಒಂದು ಸರದಿ ಆ ಹೊಲಕ್ಕೂ ಇರಲಿ. ಬದುವಿನ ಜಗಳದಲ್ಲಿ ಪಕ್ಷ ವಹಿಸಬೇಡಿ. ಅಳತೆ ಆಗುವಂತೆ ನೋಡಿಕೊಂಡರೆ ಸಾಕು, ಅಳತೆಯೇ ಮಾತಾಡುತ್ತದೆ.

ಐದನೆಯದು ತಿರುಗಿ ಬಂದವರು. ರಜೆಗೆ ಬಂದ ಫೌಜಿಯನ್ನು ಬಸ್ ಸ್ಟ್ಯಾಂಡಿನಲ್ಲೇ ತಡೆದು ಕೇಳುವ ಮೊದಲ ಪ್ರಶ್ನೆ ಏನೆಂದು ನಿಮಗೂ ಗೊತ್ತು: “ಕ್ಯಾಂಟೀನ್ ಬಾಟ್ಲಿ ತಂದೀಯೇನ?” ನಗುತ್ತಲೇ ಕೇಳುತ್ತೀರಿ, ಅವನೂ ನಗುತ್ತಲೇ ಕೊಡುತ್ತಾನೆ. ಆದರೆ ರಾತ್ರಿ ನಿದ್ದೆ ಬಾರದೆ ಅಂಗಳದಲ್ಲಿ ಅಡ್ಡಾಡುವವನಿಗೆ ಬಾಟಲಿಯ ಗೆಳೆಯರು ಸಿಕ್ಕರೆ ಮನೆ ಹಾಳಾಗಲು ಹೆಚ್ಚು ದಿನ ಬೇಡ. ಅವನನ್ನು ಸಂಜೆ ವಾಲಿಬಾಲಿಗೆ ಕರೆಯಿರಿ, ಹುಡುಗರಿಗೆ ಓಟ ಕಲಿಸಲು ಕರೆಯಿರಿ. ಮಾತು ಕಡಿಮೆಯಾಗಿ, ಸಿಟ್ಟು ಹೆಚ್ಚಾಗಿ, ಮನೆಯವರು ಹೆದರುವಂತಾದರೆ 14416ಕ್ಕೆ ಫೋನ್ ಮಾಡಲು ಹೇಳಿ. ಅದು ಟೆಲಿ ಮಾನಸ್ ಸಹಾಯವಾಣಿ, ಕನ್ನಡದಲ್ಲೇ ಮಾತಾಡುತ್ತಾರೆ.

ಇನ್ನು ಅಗ್ನಿವೀರರು. 2022ರಲ್ಲಿ ಶುರುವಾದ ಯೋಜನೆಯ ಮೊದಲ ತಂಡದ ನಾಲ್ಕು ವರ್ಷ ಮುಗಿಯುವುದು 2026ರ ಕೊನೆಯ ಹೊತ್ತಿಗೆ. ನಾಲ್ವರಲ್ಲಿ ಒಬ್ಬನಷ್ಟು ಸೇನೆಯಲ್ಲಿ ಉಳಿದು, ಮಿಕ್ಕವರು ಹರೆಯದಲ್ಲೇ ಊರಿಗೆ ಬರುತ್ತಾರೆ. ಪಿಂಚಣಿ ಇಲ್ಲ, ಕೈಯಲ್ಲಿ ಸುಮಾರು 11.71 ಲಕ್ಷ ರೂಪಾಯಿಯ ಸೇವಾ ನಿಧಿ. ಆ ದುಡ್ಡಿನ ವಾಸನೆ ಹಿಡಿದು ಚೀಟಿಯವರು, ಸೈಟು ಮಾರುವವರು, ದುಪ್ಪಟ್ಟು ಮಾಡಿಕೊಡುವವರು ನಿಮಗಿಂತ ಮೊದಲು ಬಾಗಿಲಿಗೆ ಬರುತ್ತಾರೆ. ನೀವು ಅವರಿಗಿಂತ ಮುಂಚೆ ಹೋಗಿ. ಊರಿನ ನಿವೃತ್ತ ಬ್ಯಾಂಕ್ ನೌಕರರೊಬ್ಬರನ್ನು, ಪೊಲೀಸ್ ಅಥವಾ ಅರಣ್ಯ ಇಲಾಖೆಯ ಪರೀಕ್ಷೆ ಪಾಸಾದ ಹುಡುಗನೊಬ್ಬನನ್ನು ಅವನ ಎದುರು ಕೂರಿಸಿ. ‘ಸೋತು ಬಂದ’ ಎಂಬ ಮಾತು ಕಟ್ಟೆಯ ಮೇಲೆ ಹುಟ್ಟದಂತೆ ನೋಡಿಕೊಳ್ಳಿ. ಅವನು ಸೋತಿಲ್ಲ, ಒಪ್ಪಂದದ ನಾಲ್ಕು ವರ್ಷ ಮುಗಿಸಿ ಬಂದಿದ್ದಾನೆ.

ಬಿಎಸ್ಎಫ್, ಸಿಆರ್‌ಪಿಎಫ್ ಹುಡುಗರ ಮನೆಗಳನ್ನು ಮರೆಯಬೇಡಿ. ಅವರು ಕೇಂದ್ರ ಗೃಹ ಸಚಿವಾಲಯದ ಅಡಿಯಲ್ಲಿ ಬರುವವರು, ಸೇನೆಯವರಿಗಿರುವ ಎಲ್ಲ ಸೌಲಭ್ಯ ಅವರಿಗಿಲ್ಲ. ಕಚೇರಿಯ ಕಡತದಲ್ಲಿ ಆ ಭೇದ ಇರಲಿ. ನಿಮ್ಮ ನೋಟ್‌ಬುಕ್ಕಿನಲ್ಲಿ ಬೇಡ.

ಇಷ್ಟು ಮಾಡಿ ಎಂದ ಮೇಲೆ ಕೆಲವನ್ನು ಮಾಡಬೇಡಿ ಎಂದೂ ಹೇಳಬೇಕು. ಹಿರಿಯಳೆಂದು ಸಹಿಸಿಕೊಳ್ಳಿ. 2025ರ ಮೇ ತಿಂಗಳಲ್ಲಿ, ಆಪರೇಷನ್ ಸಿಂಧೂರದ ದಿನಗಳಲ್ಲಿ, ರಜೆಗೆ ಬಂದಿದ್ದ ಹುಡುಗರು ಗಂಟುಮೂಟೆ ಕಟ್ಟಿ ಹೊರಟರು. ಆಮೇಲಿನ ರಾತ್ರಿಗಳಲ್ಲಿ ಅವರ ಹೆಂಡಂದಿರನ್ನು ಅಂಗಡಿ, ನಳ, ಗುಡಿ ಎಲ್ಲೆಡೆ ಜನ ಕೇಳಿದ್ದು ಒಂದೇ: “ಈಗ ಎಲ್ಲಿ ಅದಾನ?” ಆಕೆಗೆ ಗೊತ್ತಿರುವುದಿಲ್ಲ. ಗೊತ್ತಿದ್ದರೂ ಹೇಳಬಾರದು. ಟಿವಿಯ ಕಿರುಚಾಟ, ವಾಟ್ಸ್ಆ್ಯಪಿನ ಸುಳ್ಳು ವಿಡಿಯೊ ಆಕೆಯ ಮನೆ ಮುಟ್ಟದಂತೆ ನಿಮ್ಮ ಗುಂಪಿನಲ್ಲಾದರೂ ತಡೆಯಿರಿ. ‘ಊಟ ಆತೇನವ್ವಾ, ಹಾಲು ತರಲೇನು’ ಎಂದು ಕೇಳಿದರೆ ಸಾಕು.

2016ರ ಫೆಬ್ರವರಿ ನಿಮಗೆ ನೆನಪಿರಬಹುದು. ಸಿಯಾಚಿನ್‌ನಲ್ಲಿ ಹಿಮ ಕುಸಿದು ಹತ್ತು ಮಂದಿ ಸೈನಿಕರು ಅದರಡಿ ಸಿಲುಕಿದರು. ಕುಂದಗೋಳ ತಾಲ್ಲೂಕಿನ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಆರು ದಿನಗಳ ನಂತರ ಜೀವಂತ ಸಿಕ್ಕರು. 11ರಂದು ದಿಲ್ಲಿಯ ಸೇನಾ ಆಸ್ಪತ್ರೆಯಲ್ಲಿ ತೀರಿಕೊಂಡರು. ಆ ದಿನಗಳಲ್ಲಿ ಇಡೀ ನಾಡು ಒಂದೇ ಮನೆಯಂತೆ ಉಸಿರು ಹಿಡಿದು ಕೂತಿತ್ತು. ಅಂಥ ಮನಸ್ಸು ನಮಗಿದೆ ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಡ. ನಾನು ಕೇಳುವುದು ಇಂಥ ಯಾವುದೇ ಮನೆಯ ಹದಿಮೂರನೆಯ ದಿನದ ನಂತರದ ಮಾತು. ಫ್ಲೆಕ್ಸ್ ಮಾಸಿದ ಮೇಲೆ, ನೆಂಟರು ಊರಿಗೆ ಹೊರಟ ಮೇಲೆ, ಪರಿಹಾರದ ಹಣ ಯಾರಿಗೆ ಎಂಬ ಪಿಸುಮಾತು ಮನೆಯೊಳಗೇ ಎದ್ದ ಮೇಲೆ ಹೋಗುವವರು ಬೇಕು. ಹೋದಾಗ ಅತ್ತೆಯ ಪಕ್ಷ, ಸೊಸೆಯ ಪಕ್ಷ ಎಂದು ಒಡೆಯಬೇಡಿ. ಗಂಡನನ್ನು ಕಳೆದುಕೊಂಡ ಹೆಣ್ಣುಮಗಳನ್ನು ವರ್ಷಾ ವರ್ಷಾ ವೇದಿಕೆಗೆ ಹತ್ತಿಸಿ ಅಳಿಸಬೇಡಿ. ಆಕೆ ಕುಂಕುಮ ಇಟ್ಟಳೇ, ಬಣ್ಣದ ಸೀರೆ ಉಟ್ಟಳೇ, ಕೆಲಸಕ್ಕೆ ಹೊರಟಳೇ ಎಂದು ಎಣಿಸಬೇಡಿ. ಕೇಳದೆ ಫೋಟೊ ತೆಗೆಯಬೇಡಿ.

ಹಣದ ಮಾತೂ ಒಂದಿದೆ. ಸೈನಿಕರ ಹೆಸರಿನಲ್ಲಿ ಪಟ್ಟಿ ಎತ್ತಿದರೆ ರಸೀದಿ ಕೊಡಿ, ಲೆಕ್ಕವನ್ನು ಗುಡಿಯ ಗೋಡೆಗೆ ಅಂಟಿಸಿ. ಇಲ್ಲವೇ ಪಟ್ಟಿ ಎತ್ತಲೇ ಬೇಡಿ. 1949ರಿಂದ ಡಿಸೆಂಬರ್ 7 ಸಶಸ್ತ್ರ ಪಡೆಗಳ ಧ್ವಜ ದಿನ, ಆ ನಿಧಿಗೆ ನೇರವಾಗಿ ಕಳಿಸಿ.

ಎಲ್ಲಿಂದ ಶುರುಮಾಡಬೇಕು? ಒಂದು ನೋಟ್‌ಬುಕ್ಕಿನಿಂದ. ಊರಿನ ಫೌಜಿ ಮನೆಗಳನ್ನು ಎಣಿಸಿ. ಐದಿದ್ದರೆ ಐದು ಜನ, ಒಂದು ಮನೆಗೆ ಒಬ್ಬರು, ಒಂದು ವರ್ಷದ ಮಟ್ಟಿಗೆ. ತಿಂಗಳಿಗೊಮ್ಮೆ ಹೋಗಿ ಅರ್ಧ ತಾಸು ಕೂತು ಬನ್ನಿ. ಮೊದಲ ಎರಡು ಸಲ ಮನೆಯಾಕೆ “ಏನೂ ಬ್ಯಾಡಪ್ಪಾ, ಎಲ್ಲಾ ಚೊಲೊ ಅದ” ಅನ್ನುತ್ತಾಳೆ. ಆ ಸಾಲನ್ನು ನೂರಾರು ಸಲ ಬರೆದವಳು ನಾನು, ನಂಬಬೇಡಿ. ಮೂರನೆಯ ಸಲವೂ ಹೋಗಿ. ನೋಟ್‌ಬುಕ್ ಮಾತ್ರ ಒಬ್ಬರ ಹತ್ತಿರವೇ ಇರಲಿ. ಯಾರ ಮಗ ಎಲ್ಲಿದ್ದಾನೆ, ಯಾವ ಮನೆಯಲ್ಲಿ ಹೆಂಗಸರಷ್ಟೇ ಇದ್ದಾರೆ ಎಂಬುದು ಗುಂಪಿನಲ್ಲಿ ಹಂಚುವ ಸುದ್ದಿಯಲ್ಲ.

ನಮ್ಮ ಯಜಮಾನರು ಈಗಲೂ ಹೆಚ್ಚು ಮಾತಾಡುವವರಲ್ಲ. ಆ ಬದುವಿನ ಕಥೆಯನ್ನು ನಾನು ಅವರಿಗೆ ಹೇಳಿದ್ದು ಅವರು ನಿವೃತ್ತರಾಗಿ ಬಂದ ಮೇಲೆ. ಕೇಳಿ ಸುಮ್ಮನಾದರು. ಅಂದಿನಿಂದ ಊರಲ್ಲಿ ಯಾವ ಫೌಜಿ ಹುಡುಗನ ಹೊಲದ ಮೋಜಣಿ ಇದ್ದರೂ ಬೆಳಿಗ್ಗೆಯೇ ತಲೆಗೆ ಟವೆಲು ಸುತ್ತಿ ಹೊರಟುಬಿಡುತ್ತಾರೆ, ತುದಿ ಹಿಡಿಯಲು. ಅರವತ್ತು ದಾಟಿದೆ, ಮೊಣಕಾಲು ನೋವು. ಒಬ್ಬರೇ ಹೋಗುತ್ತಾರೆ.

ಮುಂದಿನ ಆಗಸ್ಟ್ 15ಕ್ಕೆ ಅವರನ್ನು ಕರೆಯಲು ನೀವು ಬರುತ್ತೀರಿ, ನನಗೆ ಗೊತ್ತು. ಬನ್ನಿ, ಚಹಾ ಕುಡಿದು ಹೋಗಿ. ಆದರೆ ಈ ಸಲ ಶಾಲಿನ ದುಡ್ಡಿಗೆ ಬೈಕಿಗೆ ಪೆಟ್ರೋಲು ಹಾಕಿಸಿಕೊಂಡು ಬನ್ನಿ. ಮೂಲೆ ಮನೆಯ ಅಜ್ಜಿಯನ್ನು ಮರುದಿನ ಪಾಲಿಕ್ಲಿನಿಕ್ಕಿಗೆ ಕರೆದೊಯ್ಯುವುದಿದೆ.

ಇಂತಿ ನಿಮ್ಮ ವಿಶ್ವಾಸಿ,

ನಿವೃತ್ತ ಹವಾಲ್ದಾರರೊಬ್ಬರ ಹೆಂಡತಿ, ನಿವೃತ್ತ ಶಾಲಾ ಶಿಕ್ಷಕಿ
ಬೈಲಹೊಂಗಲ ತಾಲ್ಲೂಕು, ಬೆಳಗಾವಿ ಜಿಲ್ಲೆ